ಹುಲಿ ಅಲ್ಲ ಮಾರಾಯ್ತಿ!

ವರ್ಗವಾಗಿ ನಾಗಪುರಕ್ಕೆ ಬಂದು ಮೂರು ವರ್ಷವಾಯಿತು. ನಮ್ಮ ಬ್ಯಾಂಕ್ ಶಾಖೆಯಲ್ಲಿ ಕನ್ನಡದವಳು ನಾನೊಬ್ಬಳೇ. ಊರಿಂದ ಯಾರೇ ಬರಲಿ, ಕೇಳುವುದು ಎರಡೇ: ಕಿತ್ತಳೆ ಎಲ್ಲಿ ಸಿಗುತ್ತೆ, ಹುಲಿ ಎಲ್ಲಿ ಕಾಣುತ್ತೆ? ತಾಡೋಬಾ, ಪೆಂಚ್, ಕಾನ್ಹಾ ಮೂರಕ್ಕೂ ಇಲ್ಲಿಂದ ರಸ್ತೆಯಲ್ಲೇ ಹೋಗಿಬರಬಹುದು. ಕಳೆದ ಡಿಸೆಂಬರಿನಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಾಗ ಕಾನ್ಹಾಕ್ಕೆ ಬುಕ್ ಮಾಡಿದೆ. ‘ಕಾಡು ನೋಡಕ್ಕೆ ದುಡ್ಡು ಕೊಡದಾ? ನಮ್ಮ ಹಿತ್ಲಿಗೆ ಬಂದ್ರೆ ಪುಕ್ಕಟೆ ತೋರಿಸ್ತೀನಿ’ ಎಂದಳು. ಆದರೂ ಸ್ವೆಟರ್ ಹಾಕಿಕೊಂಡು ತಯಾರಾದಳು.

ನನ್ನ ಲೆಕ್ಕವೆಲ್ಲ ಬಂಡೀಪುರದ್ದು. ಅಲ್ಲಿ ಬಸ್ಸಿನಲ್ಲಿ ಒಂದು ಸುತ್ತು ಹೊಡೆದು, ಕಾಲು ಜೋಮು ಹಿಡಿಯುವ ಮೊದಲೇ ಇಳಿದುಬಿಡುತ್ತೇವೆ. ಕಾನ್ಹಾ ಹಾಗಲ್ಲ. ರಾಷ್ಟ್ರೀಯ ಉದ್ಯಾನವೇ 940 ಚದರ ಕಿಲೋಮೀಟರ್. ಬೆಳಿಗ್ಗೆಯ ಸಫಾರಿ ಸೂರ್ಯ ಹುಟ್ಟುವ ಹೊತ್ತಿಗೆ ಶುರುವಾದರೆ ನಾಲ್ಕು ಗಂಟೆಗೂ ಮಿಕ್ಕಿ ನಡೆಯುತ್ತದೆ. ತೆರೆದ ಜಿಪ್ಸಿ, ಮಣ್ಣಿನ ದಾರಿ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ. ನಡುವೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಗೊತ್ತುಪಡಿಸಿದ ವಿಶ್ರಾಂತಿ ತಾಣದಲ್ಲಿ ಮಾತ್ರ. ಶೌಚಾಲಯ, ಚಹಾ, ತಿಂಡಿ ಎಲ್ಲ ಅಲ್ಲೇ. ನಾನು ವಲಯ ಯಾವುದು, ಸೀಟು ಯಾವುದು, ಕ್ಯಾಮೆರಾ ಚಾರ್ಜ್ ಎಷ್ಟಿದೆ ಎಂದೆಲ್ಲ ನೋಡಿದ್ದೆ. ಈ ತಾಣಕ್ಕೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಮಾತ್ರ ಕೇಳಿರಲಿಲ್ಲ.

ಅಮ್ಮನಿಗೆ ಅರವತ್ನಾಲ್ಕು. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ, ಆಗಾಗ ಬಾತ್‌ರೂಮಿಗೆ ಹೋಗಬೇಕು. ಮನೆಯಲ್ಲಿ ದಿನಾ ನೋಡುವ ವಿಷಯ, ಕಾಡಿಗೆ ಹೊರಡುವಾಗ ತಲೆಗೇ ಬರಲಿಲ್ಲ.

ಜಿಪ್ಸಿಯಲ್ಲಿ ನಾವು ಆರು ಜನ. ಹಿಂದಿನ ಸಾಲಿನಲ್ಲಿ ಭೋಪಾಲದ ಕಡೆಯ ಗಂಡ-ಹೆಂಡತಿ. ನಮ್ಮ ಮುಂದಿನ ಸಾಲಿನಲ್ಲಿ ಮೊಣಕೈಯುದ್ದದ ಲೆನ್ಸ್ ಹಿಡಿದ ಒಬ್ಬರು, ಜೊತೆಗೆ ಅವರ ಸ್ನೇಹಿತರು. ಒಂದೂವರೆ ಗಂಟೆ ಕಳೆದಿತ್ತು. ಒಂದು ತಿರುವಿನಲ್ಲಿ ಗೈಡ್ ಕೈ ಎತ್ತಿದರು, ಎಂಜಿನ್ ನಿಂತಿತು. ಮಣ್ಣಿನಲ್ಲಿ ಹೊಸ ಹೆಜ್ಜೆ ಗುರುತು. ಸಾಲ ಮರಗಳ ಒಳಗಿಂದ ಜಿಂಕೆಯ ಎಚ್ಚರಿಕೆಯ ಕೂಗು, ಸ್ವಲ್ಪ ಬಿಟ್ಟು ಮುಸುವ ಕೆಮ್ಮಿದ ಸದ್ದು. ‘ಇಲ್ಲೇ ಇದೆ, ದಾರಿ ದಾಟುತ್ತೆ’ ಎಂದು ಗೈಡ್ ಹಿಂದಿಯಲ್ಲಿ ಪಿಸುಗುಟ್ಟಿದರು. ಉಸಿರು ಬಿಗಿಹಿಡಿದು ಕೂತೆವು.

ಹತ್ತು ನಿಮಿಷವಾಯಿತು. ಅಮ್ಮ ನನ್ನ ಕಿವಿಯ ಹತ್ತಿರ ಬಂದು, ‘ಇನ್ನೆಷ್ಟು ಹೊತ್ತೇ?’ ಅಂದಳು.

‘ಬರುತ್ತೆ ಅಮ್ಮ, ಗೈಡ್ ಹೇಳಿದ್ರಲ್ಲ.’

‘ಹುಲಿ ಅಲ್ಲ ಮಾರಾಯ್ತಿ!’

ಆಗ ಅವಳ ಕೈ ನೋಡಿದೆ. ಜಿಪ್ಸಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮುಖ ಬಿಗಿದಿತ್ತು.

ನಾನು ಕೂಡಲೇ ಬಾಯಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ‘ಐದೇ ನಿಮಿಷ ತಡ್ಕೊ’ ಅಂದೆ. ಐದು ಹತ್ತಾಯಿತು. ಅಷ್ಟೂ ಜನ ಹಣ ಕೊಟ್ಟು ಬಂದಿದ್ದಾರೆ, ಅಪರಿಚಿತರು, ಅದರಲ್ಲೂ ಗಂಡಸರು. ಅವರೆದುರು ಈ ಮಾತನ್ನು ನನ್ನ ಹರುಕು ಹಿಂದಿಯಲ್ಲಿ ಹೇಗೆ ಆಡುವುದು? ಜೊತೆಗೆ, ಮುಚ್ಚಿಡುವುದೇನು, ನನಗೂ ಹುಲಿ ಬೇಕಿತ್ತು. ಅಮ್ಮ ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿ ಕೂತಳು. ಅದನ್ನು ನೋಡಲಾಗದೆ ಗೈಡಿಗೆ ಹೇಳಿದೆ.

ಲೆನ್ಸಿನವರು ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಅವರು ಏನೋ ಹೇಳುವ ಮೊದಲೇ ಹಿಂದಿನ ಸಾಲಿನ ಹೆಂಗಸು, ‘ನನಗೂ ಹೋಗಬೇಕು, ಆಗಿನಿಂದ ತಡೆದುಕೊಂಡಿದ್ದೇನೆ’ ಅಂದರು. ಗೈಡ್ ಒಂದು ಮಾತೂ ಆಡದೆ ಡ್ರೈವರಿಗೆ ಸನ್ನೆ ಮಾಡಿದರು. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಗಾಡಿ ನಿಧಾನವಾಗುತ್ತಿತ್ತು. ಆ ಡ್ರೈವರಿಗೆ ಎಲ್ಲ ಅರ್ಥವಾಗಿತ್ತು.

ತಾಣದಲ್ಲಿ ಹೆಂಗಸರ ಕಡೆ ಉದ್ದನೆಯ ಸಾಲು. ಅಮ್ಮನನ್ನು ನೋಡಿ ಎಲ್ಲರೂ ಮುಂದೆ ಬಿಟ್ಟರು. ನಿಂತಲ್ಲೇ ಮಾತು ಶುರುವಾಯಿತು. ಒಬ್ಬರು ಹಿಂದಿನ ಸಂಜೆಯಿಂದ ನೀರೇ ಕುಡಿದಿರಲಿಲ್ಲ, ಇನ್ನೊಬ್ಬರು ಬೆಳಗಿನ ಚಹಾ ಬಿಟ್ಟಿದ್ದರು. ನಾನೂ ಅಷ್ಟೇ, ಎದ್ದಾಗ ಒಂದು ಗುಟುಕು. ಹೊರಗೆ ಬಂದ ಅಮ್ಮ, ‘ರಾತ್ರಿ ಊಟದ ಮೇಲೆ ನೀರು ಮುಟ್ಟಿಲ್ಲ ಕಣೇ. ಚಳಿ ಅಂತ ಆ ಒಂದು ಲೋಟ ಚಾ ಕುಡ್ದಿದ್ದೇ ತಪ್ಪಾಯ್ತು’ ಅಂದಳು. ಸಕ್ಕರೆ ಕಾಯಿಲೆಯವಳು ರಾತ್ರಿಯಿಡೀ ಬಾಯಾರಿಕೊಂಡು ಮಲಗಿದ್ದಳು, ಪಕ್ಕದ ಹಾಸಿಗೆಯಲ್ಲೇ ಇದ್ದ ನನಗೆ ಗೊತ್ತೇ ಆಗಿರಲಿಲ್ಲ.

ಜಿಪ್ಸಿಯ ಬಾನೆಟ್ ಮೇಲೆ ರೆಸಾರ್ಟಿನವರು ಕಟ್ಟಿಕೊಟ್ಟ ಪರಾಠ, ಬೇಯಿಸಿದ ಮೊಟ್ಟೆ ಹರಡಿದ್ದವು. ಅಮ್ಮನ ಡಬ್ಬಿಯಿಂದ ಕೋಡುಬಳೆಯೂ ಬಂತು. ಅಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ನಾವು ಬಿಟ್ಟು ಬಂದ ಅದೇ ತಿರುವಿನಲ್ಲಿ ಹುಲಿ ದಾರಿ ದಾಟಿತಂತೆ! ಲೆನ್ಸಿನವರು ಕ್ಯಾಮೆರಾ ಕೆಳಗಿಟ್ಟು ಮೌನವಾಗಿ ಮೊಟ್ಟೆ ಸುಲಿಯತೊಡಗಿದರು. ನನಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಅಮ್ಮ ಮಾತ್ರ, ‘ಪಾಪ, ಅವರಿಗೆ ಎರಡು ಕೋಡುಬಳೆ ಕೊಡು’ ಅಂದಳು. ಕೊಟ್ಟೆ. ತಿಂದರು. ಆಮೇಲೆ ಇನ್ನೆರಡು ಕೇಳಿ ತಗೊಂಡರು.

ಅಲ್ಲಿಂದ ಹೊರಟಾಗ ಬಿಸಿಲೇರಿತ್ತು. ಕಾನ್ಹಾದ ಹುಲ್ಲುಗಾವಲಿನಲ್ಲಿ ಬಾರಾಸಿಂಗ ಹಿಂಡು ಮೇಯುತ್ತಿತ್ತು. 1970ರ ಗಣತಿಯಲ್ಲಿ ಇಲ್ಲಿ ಉಳಿದಿದ್ದವು ಬರೀ 66. ಬೇಲಿ ಹಾಕಿದ ಜಾಗದಲ್ಲಿ ಸಾಕಿ, ಹುಲ್ಲುಗಾವಲು ಕಾಪಾಡಿ, ಈಗ ನೂರಾರಾಗಿವೆ. ಅಮ್ಮ ಎದ್ದು ನಿಂತು ನೋಡಿದಳು. ‘ಕೊಂಬು ನೋಡೇ, ಒಣಗಿದ ಕಾಫಿ ಗಿಡ ತಲೆ ಮೇಲೆ ಇಟ್ಟಂಗಿದೆ’ ಎಂದು ನಕ್ಕಳು. ಬೆಳಿಗ್ಗೆಯಿಂದ ಅವಳು ಕಾಡನ್ನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಎರಡು ಲೋಟ ನೀರು ಕುಡಿದಳು. ಸಂಜೆಯ ಸಫಾರಿಗೆ ಗೇಟಿನಲ್ಲಿ ಬೇರೊಬ್ಬ ಗೈಡ್ ಹತ್ತಿದರು, ಎಳೆ ಹುಡುಗ. ಅವನು ನಮಸ್ಕಾರ ಹೇಳಿ ಹುಲಿಯ ಮಾತು ತೆಗೆಯುವ ಮೊದಲೇ ಅಮ್ಮ ಅವನ ಹೆಗಲು ತಟ್ಟಿ ತನ್ನದೇ ಹಿಂದಿಯಲ್ಲಿ ಕೇಳಿದಳು: ‘ಬೇಟಾ, ಬಾತ್‌ರೂಮ್ ಕಿದರ್? ಕಿತನಾ ಬಜೇ?’