ಬೀಗರ ಊರೂ ಒಪ್ಪಿದಾಗ

ಒಂದು ಪದ್ಧತಿಯಿಂದ ಮಕ್ಕಳಿಗೆ ತೊಂದರೆ ಅಂತ ಊರಿಗೇ ಗೊತ್ತು. ಆದರೂ ಬಿಡೋಕೆ ಯಾರೂ ಮುಂದೆ ಬರೋಲ್ಲ. 'ನಾವೊಬ್ಬರೇ ಬಿಟ್ಟರೆ ನಮ್ಮ ಹುಡುಗಿಗೆ ಗಂಡು ಎಲ್ಲಿ ಸಿಗ್ತಾನೆ?' ಅನ್ನೋ ಭಯ. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಹಳ್ಳಿಗಳು ಈ ಗಂಟನ್ನು ಬಿಚ್ಚಿದ ಬಗೆ ತಿಳಿಯುವಂಥದ್ದು.

ಮಲಿಕೂಂಡಾ ಬಂಬಾರಾ ಅನ್ನೋ ಹಳ್ಳಿಯ ಹೆಂಗಸರು 'ತೋಸ್ತಾನ್' ಸಂಸ್ಥೆಯ ತರಗತಿಗೆ ಹೋಗ್ತಿದ್ರು. ಪಾಠ ನಡೀತಿದ್ದದ್ದು ಅವರದೇ ಭಾಷೆಯಲ್ಲಿ. ಓದು-ಬರಹದ ಜೊತೆ ಆರೋಗ್ಯ, ಹಕ್ಕುಗಳ ಚರ್ಚೆಯೂ ಇತ್ತು. ಹೆಣ್ಣುಮಕ್ಕಳ ಜನನಾಂಗ ಛೇದನದಿಂದ ಆಗುವ ರಕ್ತಸ್ರಾವ, ಸೋಂಕು, ಹೆರಿಗೆ ಕಷ್ಟಗಳ ಬಗ್ಗೆ ಅವರು ಮೊದಲ ಬಾರಿಗೆ ಬಾಯಿಬಿಟ್ಟು ಮಾತಾಡಿದರು. 1997ರ ಜುಲೈ 31ರಂದು ಪತ್ರಕರ್ತರ ಮುಂದೆಯೇ 'ಇನ್ನು ನಮ್ಮೂರಲ್ಲಿ ಇದು ಬೇಡ' ಎಂದು ಸಾರಿದರು.

ಸುತ್ತಮುತ್ತಲಿಂದ ಮೆಚ್ಚುಗೆಗಿಂತ ಬೈಗುಳವೇ ಹೆಚ್ಚು ಬಂತು.

ಹಿರಿಯರ ಲೆಕ್ಕಾಚಾರ

ಆಗ ದಾರಿ ತೋರಿದವರು ಕೆರ್ ಸಿಂಬಾರಾ ಹಳ್ಳಿಯ ಇಮಾಮ್ ದೆಂಬಾ ಜವಾರಾ. ಅವರ ಪ್ರಕಾರ ಒಂದು ಊರು ತಾನೇ ತಾನಾಗಿ ಇಂಥದ್ದನ್ನು ತೀರ್ಮಾನಿಸೋಕೆ ಆಗೋಲ್ಲ. ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಸೇರಿ ಒಂದು ಕುಟುಂಬ. ಬೀಗರು ಒಪ್ಪದಿದ್ದರೆ ಹುಡುಗಿಯೇ ಪೆಟ್ಟು ತಿನ್ನೋದು.

ಜವಾರಾ ನಡೆದುಕೊಂಡೇ ನೆಂಟರ ಊರುಗಳಿಗೆ ಹೋದರು. ಯಾರನ್ನೂ ಹಳಿಯಲಿಲ್ಲ. ಛೇದನ ಅನ್ನೋ ಮಾತನ್ನೂ ಎತ್ತದೆ, 'ಆ ಸಂಪ್ರದಾಯ' ಎಂದಷ್ಟೇ ಹೇಳಿದರು. ತಾಯಂದಿರು ಅದನ್ನು ಮಾಡಿಸಿದ್ದು ಮಗಳ ಮೇಲಿನ ಪ್ರೀತಿಯಿಂದಲೇ ಅನ್ನೋದು ಅವರಿಗೆ ಗೊತ್ತಿತ್ತು. 1998ರ ಫೆಬ್ರವರಿಯಲ್ಲಿ ಜಬೂಗೂ ಎಂಬಲ್ಲಿ 13 ಹಳ್ಳಿಗಳು ಒಟ್ಟಾಗಿ ಘೋಷಣೆ ಮಾಡಿದವು. ಎಲ್ಲರೂ ಒಟ್ಟಿಗೇ ಬಿಟ್ಟ ಮೇಲೆ ಮದುವೆಯ ಭಯಕ್ಕೆ ಜಾಗವಿರಲಿಲ್ಲ. ದೇಶದಲ್ಲಿ ನಿಷೇಧ ಕಾನೂನು ಬಂದದ್ದು ಅದರ ಮರುವರ್ಷ, 1999ರಲ್ಲಿ.

17 ಜನರ ಸಮಿತಿ

ತೋಸ್ತಾನ್ ಕಾರ್ಯಕ್ರಮ ನಡೆಯುವ ಹಳ್ಳಿಗಳಲ್ಲಿ 17 ಸದಸ್ಯರ ಸಮಿತಿ ಇರುತ್ತೆ. ಅದರಲ್ಲಿ ಕನಿಷ್ಠ 9 ಮಂದಿ ಹೆಂಗಸರು. ಊರ ಸ್ವಚ್ಛತೆ, ಮಕ್ಕಳಿಗೆ ಲಸಿಕೆ, ಜನನ ನೋಂದಣಿ, ಶಾಲೆಗೆ ಸೇರಿಸೋದು, ಸಣ್ಣ ಸಾಲದ ನಿಧಿ ಎಲ್ಲ ಇವರ ಕೈಯಲ್ಲಿ. ಸಭೆಯಲ್ಲಿ ಎದ್ದು ನಿಂತು ಮಾತಾಡೋ ಧೈರ್ಯ ಹೆಂಗಸರಿಗೆ ಬರೋದೂ ಇಂಥ ಕೆಲಸಗಳಿಂದಲೇ.

ಹಾಗಂತ ಎಲ್ಲ ಮುಗಿದಿಲ್ಲ. 2019ರ ಹೊತ್ತಿಗೂ ಸೆನೆಗಲ್‌ನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಈ ನೋವು ಉಂಡವರೇ ಆಗಿದ್ದರು. ವೇದಿಕೆಯಲ್ಲಿ ಘೋಷಿಸಿದ ಮಾತ್ರಕ್ಕೆ ಪ್ರತಿ ಮನೆಯೂ ಬದಲಾಗೋಲ್ಲ. ಕಾನೂನಿಗೆ ಹೆದರಿ ಗುಟ್ಟಾಗಿ ಮಾಡಿಸೋರೂ ಇದ್ದಾರೆ.

ಆದರೂ ಜವಾರಾ ಹಿಡಿದ ದಾರಿಯಲ್ಲಿ ಸಾವಿರಾರು ಹಳ್ಳಿಗಳು ಮುಂದೆ ಬಂದಿವೆ. ನಿಮ್ಮ ಮನೆಯಲ್ಲೋ ಬಳಗದಲ್ಲೋ ಏನಾದರೂ ಬದಲಾಗಬೇಕು ಅನ್ನಿಸಿದರೆ, ಆ ಮಾತನ್ನು ಬೀಗರ ಮನೆಯ ಜಗಲಿಗೂ ಒಮ್ಮೆ ಒಯ್ದು ನೋಡಿ.