ಕಾಡಿನಿಂದ ಕಡಲಿಗೆ: ಅಣಶಿ–ಕಾರವಾರ ಪ್ರವಾಸವನ್ನು ಕುರಿತ ಕೆಲವು ಭ್ರಮೆಗಳು

ಜಂಗಮಕೋಟೆಯ ಸುತ್ತಿನ ರೇಷ್ಮೆ ಬೆಳೆಗಾರನಿಗೆ ವಿರಾಮವೆಂಬುದು ಪಂಚಾಂಗ ನೋಡಿ ಬರತಕ್ಕದ್ದಲ್ಲ. ಹುಳುಗಳಿಗೆ ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು, ಹಣ್ಣಾದವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಿಗಿಟ್ಟು ಬಂದ ಮೇಲೆ, ಮುಂದಿನ ಚಾಕಿ, ಎಂದರೆ ಎಳೆಯ ಹುಳುಗಳು, ಮನೆ ಸೇರುವವರೆಗೆ ದೊರೆಯುವ ಕೆಲವೇ ದಿನಗಳು ಅವನ ಪಾಲಿನ ರಜೆ. ಇಷ್ಟು ದುರ್ಲಭವಾದ ಕಾಲದಲ್ಲಿ ಕಾಡನ್ನೂ ಕಡಲನ್ನೂ ಒಂದೇ ಪ್ರಯಾಣದಲ್ಲಿ ಕಂಡುಬರಬೇಕೆಂದು ಬಯಸುವ ಕುಟುಂಬಕ್ಕೆ ಉತ್ತರ ಕನ್ನಡ ಜಿಲ್ಲೆಯ ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ಕಾರವಾರ ಪಟ್ಟಣಗಳು ಯೋಗ್ಯವಾದ ಆಯ್ಕೆಯೇ ಸರಿ. ಆದರೆ ಐನೂರು ಕಿಲೋಮೀಟರಿಗೂ ಮಿಕ್ಕ ಆ ದೂರವನ್ನು ಕ್ರಮಿಸುವ ಮೊದಲೇ, ನಮ್ಮ ಬಯಲುಸೀಮೆಯ ಅನುಭವದಿಂದ ಮಲೆನಾಡನ್ನೂ ಕರಾವಳಿಯನ್ನೂ ಊಹಿಸಿಕೊಳ್ಳುವುದರಿಂದ ಹುಟ್ಟಿದ ಹಲವು ಕಲ್ಪನೆಗಳು ನಮ್ಮ ಮನಸ್ಸಿನಲ್ಲಿ ನೆಲೆಯೂರಿಬಿಟ್ಟಿರುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಕಲ್ಪನೆ: ಅಣಶಿಯು ಕಡಲತೀರದ ಉದ್ಯಾನ, ಕಾರವಾರದಿಂದ ಬೆಳಗ್ಗೆ ಹೊರಟರೆ ಕಾಡನ್ನು ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಹಿಂದಿರುಗಬಹುದು.

ಸತ್ಯ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ – ಕರ್ನಾಟಕದ ಈ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಸಮುದ್ರದ ಅಲೆ ಮುಟ್ಟುವಂಥದು ಒಂದೂ ಇಲ್ಲ. ಕಡಲನ್ನೇ ಒಳಗೊಂಡ ಉದ್ಯಾನವನ್ನು ನೋಡಬೇಕೆನ್ನುವವರು ಗುಜರಾತಿನ ಕಚ್ಛ್ ಕೊಲ್ಲಿಗೋ, ತಮಿಳುನಾಡಿನ ಮನ್ನಾರ್ ಕೊಲ್ಲಿಗೋ, ಅಂಡಮಾನಿನ ವಂಡೂರಿಗೋ ಹೋಗಬೇಕು. ಅಣಶಿಯು ಸಹ್ಯಾದ್ರಿಯ ಘಟ್ಟದ ಕಾಡು. ಕಾರವಾರದಿಂದ ಅಣಶಿ ಗ್ರಾಮಕ್ಕೆ ಸುಮಾರು ಐವತ್ತು ಕಿಲೋಮೀಟರುಗಳ ದಾರಿ, ಅದರಲ್ಲಿಯೂ ಕದ್ರಾದಿಂದ ಮುಂದಕ್ಕೆ ತಿರುವುಗಳಿಂದ ಕೂಡಿದ ಏರು. ವಾಹನದಲ್ಲಿ ಕಾಡು ತೋರಿಸುವ ಸಫಾರಿಯ ದ್ವಾರವಾದ ಫಣಸೋಲಿಯಂತೂ ದಾಂಡೇಲಿಯ ಸಮೀಪದಲ್ಲಿದ್ದು, ಕಾರವಾರದಿಂದ ನೂರು ಕಿಲೋಮೀಟರಿನಷ್ಟು ದೂರವಾಗುತ್ತದೆ. 1956ರಲ್ಲಿ ಘೋಷಿತವಾದ ದಾಂಡೇಲಿ ವನ್ಯಜೀವಿಧಾಮ ಮತ್ತು 1987ರಲ್ಲಿ ಘೋಷಿತವಾದ ಅಣಶಿ ಉದ್ಯಾನಗಳೆರಡೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರನ್ನು ಪಡೆದುವು. ಆ ಹೆಸರಿನ ನದಿಯೇ ಈ ಕಾಡಿಗೂ ಕಾರವಾರಕ್ಕೂ ಇರುವ ನಿಜವಾದ ಸಂಬಂಧ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಜಿಲ್ಲೆಯ ಎಲ್ಲೆಯನ್ನು ಎಲ್ಲಿಯೂ ದಾಟದೆ, ಅದು ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ.

ಕಲ್ಪನೆ: ಕಾಡು ಸರ್ಕಾರದ್ದು, ನಂದಿಬೆಟ್ಟದ ತಪ್ಪಲಿನಲ್ಲಿ ಮಾಡುವಂತೆ ನೆರಳು ಕಂಡಲ್ಲಿ ವಾಹನ ನಿಲ್ಲಿಸಿ ಬುತ್ತಿ ಬಿಚ್ಚಬಹುದು.

ಸತ್ಯ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನಕ್ಕೆ ಅಭಯಾರಣ್ಯಕ್ಕಿಂತಲೂ ಬಿಗಿಯಾದ ಕಟ್ಟುಪಾಡುಗಳುಂಟು, ಅಲ್ಲಿ ದನಕರುಗಳನ್ನು ಮೇಯಿಸುವುದೂ ನಿಷಿದ್ಧ, ಅನುಮತಿಯಿಲ್ಲದೆ ಒಳಹೊಗುವುದೂ ನಿಷಿದ್ಧ. ಸಾರ್ವಜನಿಕ ರಸ್ತೆಯೊಂದು ಕಾಡಿನ ನಡುವೆ ಹಾದುಹೋದ ಮಾತ್ರಕ್ಕೆ ಅದರ ಇಕ್ಕೆಲದ ನೆಲವು ಪ್ರವಾಸಿಗೆ ತೆರೆದಿದೆಯೆಂದು ಭಾವಿಸುವುದು ಸಲ್ಲದು. ಚೆಲ್ಲಿದ ಚಿತ್ರಾನ್ನದ ರುಚಿ ಕಂಡ ಮಂಗಗಳು ಕಾಡಿನ ಹಣ್ಣನ್ನು ಬಿಟ್ಟು ರಸ್ತೆಗಿಳಿದು, ಮುಂದೆ ಬರುವವರ ಕೈಚೀಲಕ್ಕೆ ಎರಗುತ್ತವೆ, ಇಲ್ಲವೆ ವಾಹನಗಳ ಗಾಲಿಗೆ ಸಿಕ್ಕುತ್ತವೆ. ಇನ್ನೊಂದು ವಿಷಯವನ್ನೂ ಮರೆಯಲಾಗದು: ಈ ಕಾಡು ನಿರ್ಜನವಲ್ಲ. ಗೆಡ್ಡೆಗೆಣಸುಗಳ ಬೇಸಾಯದಲ್ಲಿ ನಿಷ್ಣಾತರಾದ ಕುಣಬಿ ಜನರು ಜೋಯಿಡಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ; ಅವರ ಅಂಗಳವೂ ಗದ್ದೆಯೂ ಪ್ರವಾಸಿಯ ವಿನೋದಕ್ಕಾಗಿ ಇರುವ ಸ್ಥಳಗಳಲ್ಲ.

ಕಲ್ಪನೆ: ಹುಲಿಯ ಹೆಸರಿನಲ್ಲಿ ಕಾದಿರಿಸಿದ ಕಾಡಾದ ಮೇಲೆ ಹುಲಿ ಕಾಣದೆ ಇರದು, ಕಾಣದಿದ್ದರೆ ಕೊಟ್ಟ ಹಣ ವ್ಯರ್ಥ.

ಸತ್ಯ: ಬಂಡೀಪುರದ ಕಾಡು ಎಲೆಯುದುರಿಸುವ ಜಾತಿಯದಾದುದರಿಂದ ಬೇಸಿಗೆಯಲ್ಲಿ ದೃಷ್ಟಿ ದೂರಕ್ಕೆ ಹಾಯುತ್ತದೆ, ಬತ್ತದ ಕೆರೆಗಳ ಬಳಿ ಮೃಗಗಳು ಕೂಡುತ್ತವೆ. ಅಣಶಿಯ ಬಹುಭಾಗ ನಿತ್ಯಹರಿದ್ವರ್ಣದ ದಟ್ಟಡವಿ. ಹತ್ತು ಮಾರು ದೂರದ ಪ್ರಾಣಿಯನ್ನು ಸಹ ಅದು ಮರೆಮಾಡಬಲ್ಲದು, ನೀರು ಎಲ್ಲ ಕಡೆಗೂ ಇರುವುದರಿಂದ ಯಾವ ಮೃಗವೂ ಒಂದೆಡೆ ಬಂದು ನಿಲ್ಲುವ ಅಗತ್ಯವಿಲ್ಲ. ಇಲ್ಲಿನ ಹುಲಿ ಸಂಖ್ಯೆಯಲ್ಲಿಯೂ ವಿರಳ. ಈ ಕಾಡಿಗೆ ಖ್ಯಾತಿ ತಂದ ಕರಿಚಿರತೆಯೂ ಬೇರೊಂದು ಜಾತಿಯ ಪ್ರಾಣಿಯಲ್ಲ. ಮೈಯ ಕಪ್ಪು ವರ್ಣದ್ರವ್ಯವು ಅಧಿಕವಾದ ಸಾಮಾನ್ಯ ಚಿರತೆಯೇ ಅದು, ಬಿಸಿಲು ಬಿದ್ದಾಗ ಅದರ ಚುಕ್ಕೆಗಳು ಕಾಣುವುದೂ ಉಂಟು. ತಾಳ್ಮೆಯುಳ್ಳವನಿಗೆ ಇಲ್ಲಿ ದೊರೆಯುವ ಭಾಗ್ಯ ಬೇರೆ ಬಗೆಯದು: ಕರ್ನಾಟಕದ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳೂ ಈ ಪ್ರದೇಶದಲ್ಲಿವೆ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು, ಒಂದು ಸೀಳುಗಂಡಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಗಂಡಿಯ ಮೂಲಕ ಉಣಿಸುತ್ತದೆ. ದೊಡ್ಡ ಪೊಟರೆಯುಳ್ಳ ಹಳೆಯ ಮರಗಳಿಲ್ಲದೆ ಈ ಸಂಸಾರ ಸಾಗದಾದ ಕಾರಣ, ಮಂಗಟ್ಟೆಯಿರುವ ಕಾಡು ಪ್ರಾಚೀನವಾದ ಕಾಡೆಂದೇ ತಿಳಿಯಬಹುದು.

ಕಲ್ಪನೆ: ಹಸಿರು ನೋಡಲು ಮಳೆಗಾಲವೇ ಶ್ರೇಷ್ಠ, ಕಾಳಿಯಲ್ಲಿ ರಾಫ್ಟಿಂಗ್ ಮಾಡುವುದಕ್ಕೂ ಆಗಲೇ ನೀರು.

ಸತ್ಯ: ನಮ್ಮಲ್ಲಿ ವರ್ಷವಿಡೀ 700–800 ಮಿಲಿಮೀಟರು ಬಿದ್ದರೆ ಕೆರೆ ಕೋಡಿ ಹರಿಯಿತೆಂದು ಬಾಗಿನವರ್ಪಿಸುತ್ತೇವೆ, ಕಾರವಾರದಲ್ಲಿ ಸುಮಾರು 3000 ಮಿಲಿಮೀಟರು ಸುರಿಯುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ಮಳೆಗೆ ಗುಡ್ಡಗಳು ಸಡಿಲುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ತಾಜಾ ಮೀನಿನ ಊಟದ ಆಸೆಯಿಂದ ಹೋದವರಿಗೂ ಆಗ ನಿರಾಶೆಯೇ. ಇನ್ನು ರಾಫ್ಟಿಂಗ್‌ನ ಮಾತು: ಗಣೇಶಗುಡಿಯ ಬಳಿ ಅದು ನಡೆಯುವುದು ಸೂಪಾ ಜಲಾಶಯದಿಂದ ವಿದ್ಯುದುತ್ಪಾದನೆಗಾಗಿ ಬಿಡುವ ನೀರಿನ ಆಧಾರದಿಂದ, ಆದುದರಿಂದ ಮಳೆ ನಿಂತ ಮೇಲಿನ ತಿಂಗಳುಗಳೇ ಅದಕ್ಕೆ ಋತು, ಮಳೆಗಾಲದಲ್ಲಿ ಅದು ಸ್ಥಗಿತ. ಒಟ್ಟಿನಲ್ಲಿ ಅಕ್ಟೋಬರಿನ ಕೊನೆಯಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ.

ಕಲ್ಪನೆ: ಕೆರೆಯಲ್ಲಿ ಈಜಿದವನಿಗೆ ಕಡಲೇನು ಮಹಾ? ಅಲೆಯಿಲ್ಲದ ಕಡೆ ಇಳಿದರಾಯಿತು.

ಸತ್ಯ: ಎಲ್ಲ ಭ್ರಮೆಗಳಲ್ಲಿ ಘೋರವಾದುದು ಇದು. ಅಲೆಗಳು ದಡಕ್ಕೆ ತಂದ ನೀರು ಒಂದೆಡೆ ಕೂಡಿಕೊಂಡು ಇಕ್ಕಟ್ಟಾದ ಸೆಳೆತವಾಗಿ ಕಡಲಿಗೆ ಹಿಂದಿರುಗುತ್ತದೆ; ಆ ಹಾದಿಯಲ್ಲಿ ಅಲೆ ಒಡೆಯದಿರುವುದರಿಂದ ನೀರಿನ ಮೇಲ್ಮೈ ಪ್ರಶಾಂತವಾಗಿ ತೋರುತ್ತದೆ. ನಮ್ಮ ಕಣ್ಣಿಗೆ ಸುರಕ್ಷಿತವೆನಿಸುವ ಆ ಜಾಗವೇ ಅಪಾಯದ ಬಾಯಿ. ಮಳೆಗಾಲ ಕಳೆದರೆ ಭಯವಿಲ್ಲವೆನ್ನುವಂತಿಲ್ಲ: 2024ರ ಡಿಸೆಂಬರಿನಲ್ಲಿ, ನಮ್ಮ ನೆರೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿಹೋದರು. ಸೆಳೆತಕ್ಕೆ ಸಿಕ್ಕವನು ದಡದತ್ತ ನೇರವಾಗಿ ಈಜಿ ಬಳಲದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಸಡಿಲಿದ ಮೇಲೆ ಹಿಂದಿರುಗಬೇಕು. ಆದರೆ ಜೀವರಕ್ಷಕರಿಲ್ಲದ ತೀರದಲ್ಲಿ ಮೊಳಕಾಲಿನ ಮಟ್ಟವನ್ನು ಮೀರಿ ಇಳಿಯದಿರುವುದೇ ಉತ್ತಮವಾದ ವಿದ್ಯೆ.

ಕಲ್ಪನೆ: ಕಾರವಾರವು ಗೋವೆಗೆ ಹೋಗುವ ದಾರಿಯ ತಂಗುದಾಣ, ಅಲ್ಲಿ ನೋಡುವುದೇನೂ ಇಲ್ಲ.

ಸತ್ಯ: ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಜಿಲ್ಲೆಯ ಕೇಂದ್ರವಾಗಿ ಬೆಳೆದ ಊರು ಇದು. ಭಾರತೀಯರಲ್ಲಿ ಮೊತ್ತಮೊದಲು ಐ.ಸಿ.ಎಸ್. ಅಧಿಕಾರಿಯಾದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಅವರ ತಮ್ಮ ರವೀಂದ್ರನಾಥರು, ಇಪ್ಪತ್ತೆರಡರ ಯುವಕ, ಬಂದು ತಂಗಿ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಕಡಲತೀರಕ್ಕೆ ಅವರ ಹೆಸರೇ ನಿಂತಿದೆ. ನದಿಯ ಆಚೆ ದಡದ ಸದಾಶಿವಗಡದ ಗುಡ್ಡವೇರಿದರೆ ಕಾಳಿಯು ಕಡಲನ್ನು ಕೂಡುವ ಸಂಗಮ ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಕಾಣುವ ದ್ವೀಪಗಳಿಗೆಲ್ಲ ದೋಣಿಯಲ್ಲಿ ಹೋಗಿಬರುವ ಲೆಕ್ಕ ಹಾಕಬಾರದು. ಅಂಜುದೀವು ನೌಕಾಪಡೆಯ ಅಧೀನದಲ್ಲಿದೆ, ಸಾರ್ವಜನಿಕರಿಗೆ ಮುಕ್ತವಾಗಿಲ್ಲ.

ಹೀಗೆ ಭ್ರಮೆಗಳನ್ನು ಕಳೆದುಕೊಂಡವನಿಗೆ ಯೋಜನೆ ತಾನಾಗಿಯೇ ಸ್ಪಷ್ಟವಾಗುತ್ತದೆ. ನದಿ ಹರಿಯುವ ದಿಕ್ಕಿನಲ್ಲಿಯೇ ಪ್ರಯಾಣವೂ ಸಾಗಲಿ: ಬೆಂಗಳೂರಿನಿಂದ ರಾತ್ರಿಯ ರೈಲಿನಲ್ಲಿ ಧಾರವಾಡ, ಅಲ್ಲಿಂದ ಬಸ್ಸಿನಲ್ಲಿ ದಾಂಡೇಲಿ, ಅರಣ್ಯ ಇಲಾಖೆಯ ವಸತಿಯನ್ನು ಮುಂಗಡವಾಗಿ ಕಾದಿರಿಸಿಕೊಂಡು ಕಾಡಿನಲ್ಲಿ ಎರಡು ರಾತ್ರಿ, ಬಳಿಕ ಹಗಲು ಹೊತ್ತಿನಲ್ಲಿಯೇ ಅಣಶಿ ಘಟ್ಟವಿಳಿದು, ಕದ್ರಾದ ಮೂಲಕ ಕಾರವಾರ, ಅಲ್ಲಿ ಎರಡು ದಿನವಿದ್ದು, ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ. ಒಟ್ಟು ಒಂದು ವಾರದೊಳಗೆ ಮುಗಿಯುವ ಈ ಪ್ರವಾಸಕ್ಕೆ ಚಾಕಿಯವರ ಬಳಿ ಮುಂದಿನ ಹುಳುವಿನ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಅನಂತರ ರೈಲಿನ ಟಿಕೆಟ್ಟನ್ನು ಕೊಳ್ಳುವುದು ವಿವೇಕ.