‘ಅಪಿಯರೆನ್ಸ್’: ಒಂದು ಪದ, ನಾಲ್ಕು ಅರ್ಥ

ಹಿಂದೂಪುರ ಮತ್ತು ಕಲ್ಯಾಣದುರ್ಗ ಕರ್ನಾಟಕದ ಗಡಿಗೆ ಸಮೀಪದ ಊರುಗಳು. ಮೊದಲನೆಯದಕ್ಕೆ ಗೌರಿಬಿದನೂರು ನೆರೆಯಾದರೆ ಎರಡನೆಯದಕ್ಕೆ ಪಾವಗಡ ನೆರೆ. 2022ರ ಏಪ್ರಿಲ್ 4ರಂದು ಜಾರಿಗೆ ಬಂದ ಜಿಲ್ಲಾ ಪುನರ್ವಿಂಗಡಣೆಯಿಂದ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಈ ಸೀಮೆಯಲ್ಲಿ ಕನ್ನಡ ಮನೆಮಾತಿನ ವಿದ್ಯಾರ್ಥಿಯು ಇಂಗ್ಲಿಷನ್ನು ಕಲಿಯುವಾಗ ಮೂರು ಭಾಷೆಗಳ ನಡುವೆ ನಿಂತಿರುತ್ತಾನೆ. ಕಿರಿಯ ಪದಕೋಶವೊಂದು ಇಂಗ್ಲಿಷ್ ಪದದ ಎದುರಿಗೆ ಒಂದೇ ಕನ್ನಡ ಪದವನ್ನು ಬರೆದಿದ್ದರೆ, ಅವನು ಅದನ್ನೇ ಎಲ್ಲ ಸಂದರ್ಭಗಳಿಗೂ ಅನ್ವಯಿಸುತ್ತಾನೆ. ‘ಅಪಿಯರೆನ್ಸ್’ ಎಂಬ ಸಾಮಾನ್ಯ ಪದದಲ್ಲಿ ಈ ತೊಡಕು ಸ್ಪಷ್ಟವಾಗಿ ಗೋಚರಿಸುತ್ತದೆ.

ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ‘ಕಣ್ಣಿಗೆ ಬೀಳುವುದು’ ಎಂದು. ಅದರಿಂದ ನಾಲ್ಕು ಅರ್ಥಗಳು ಕವಲೊಡೆದಿವೆ. ಇಂಗ್ಲಿಷ್ ಅವನ್ನು ಒಂದೇ ಪದದಲ್ಲಿ ಇರಿಸಿಕೊಂಡಿದೆ; ಕನ್ನಡ ಅವನ್ನು ಬೇರೆಬೇರೆಯಾಗಿ ಹೇಳುತ್ತದೆ. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಭೇದ ಸುಲಭವಾಗಿ ತಿಳಿಯುತ್ತದೆ.

ಮೊದಲನೆಯದು, ಇಲ್ಲದಿದ್ದುದು ಕಣ್ಣಿಗೆ ಬೀಳುವುದು. ಲೇಪಾಕ್ಷಿಯನ್ನು ಸಮೀಪಿಸಿದಾಗ ಏಕಶಿಲೆಯ ನಂದಿಯು ‘ಕಾಣಿಸಿಕೊಳ್ಳುತ್ತದೆ’. ಎರಡನೆಯದು, ಹೊರರೂಪ. ಸುಮಾರು 27 ಅಡಿ ಉದ್ದದ ಆ ನಂದಿಯ ಮೈಕಟ್ಟು, ಕೊರಳ ಸರ, ಗಂಟೆ ಎಲ್ಲ ಸೇರಿ ಅದರ ‘ರೂಪ’. ಮೂರನೆಯದು, ನಿಜಕ್ಕಿಂತ ಬೇರೆಯಾಗಿರಬಹುದಾದ ‘ತೋರಿಕೆ’. ವೀರಭದ್ರ ದೇವಾಲಯದ ತೂಗುಕಂಬದ ಬುಡ ಪೂರ್ಣವಾಗಿ ನೆಲಕ್ಕೆ ತಾಗಿಲ್ಲ. ಅದರಡಿ ಬಟ್ಟೆಯನ್ನು ತೂರಿಸಿ ನೋಡುವುದು ಯಾತ್ರಿಕರ ವಾಡಿಕೆ. ಆದರೂ ಒಂದು ಮೂಲೆಯಲ್ಲಿ ಅದು ನೆಲಕ್ಕೆ ಆತುಕೊಂಡಿದೆ. ಆದುದರಿಂದ ಕಂಬ ‘ತೂಗುತ್ತಿರುವಂತೆ ತೋರುತ್ತದೆ’ ಎನ್ನುವುದೇ ಸರಿಯಾದ ಮಾತು. ನಾಲ್ಕನೆಯದು, ಗೊತ್ತಾದ ಜಾಗದಲ್ಲಿ ಖುದ್ದಾಗಿ ಇರುವುದು, ಅಂದರೆ ‘ಹಾಜರಿ’. ದೇವಾಲಯಕ್ಕೆ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರೆ ಅದೂ ಇಂಗ್ಲಿಷಿನಲ್ಲಿ ‘ಅಪಿಯರೆನ್ಸ್’ ಆಗಬಹುದು.

ಈ ನಾಲ್ಕನ್ನು ಕಲಸಿದರೆ ಏನಾಗುತ್ತದೆ? ಒಬ್ಬರ ಹೊರರೂಪ ಹಿತವಾಗಿತ್ತು ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ‘ಅವರ ತೋರಿಕೆ ಚೆನ್ನಾಗಿತ್ತು’ ಎಂದು ಅನುವಾದಿಸಿದರೆ ಹೊಗಳಿಕೆ ನಿಂದೆಯಾಗುತ್ತದೆ. ಕನ್ನಡದಲ್ಲಿ ‘ತೋರಿಕೆಯ ಸ್ನೇಹ’, ‘ತೋರಿಕೆಯ ವಿನಯ’ ಎಂದಾಗ ಒಳಗೆ ಹುರುಳಿಲ್ಲವೆಂಬ ಧ್ವನಿ ಇರುತ್ತದೆ. ಇಲ್ಲಿ ‘ನೋಡಲು ಲಕ್ಷಣವಾಗಿದ್ದರು’ ಎಂಬುದೇ ಸಹಜ. ನ್ಯಾಯಾಲಯದ ನೋಟಿಸಿನಲ್ಲಿಯಂತೂ ತಪ್ಪಿನ ಬೆಲೆ ಇನ್ನೂ ಹೆಚ್ಚು. ಅಲ್ಲಿ ಈ ಪದದ ಅರ್ಥ ನಿಗದಿತ ದಿನದಂದು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗುವುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ನೋಟಿಸು ತಲುಪಿಯೂ ಪ್ರತಿವಾದಿಯು ಹಾಜರಾಗದಿದ್ದರೆ ಏಕಪಕ್ಷೀಯ ವಿಚಾರಣೆ ನಡೆಯಬಹುದು. ಪದದ ಅರ್ಥ ತಿಳಿಯದವನು ತನ್ನ ಹೊಲದ ವ್ಯಾಜ್ಯವನ್ನೇ ಕಳೆದುಕೊಂಡಾನು.

ರೂಪವನ್ನು ಕುರಿತ ಪದಗಳಲ್ಲಿಯೂ ಬಳಕೆಯ ಎಲ್ಲೆಗಳಿವೆ. ಕಾಣೆಯಾದವರ ಪ್ರಕಟಣೆಯಲ್ಲಿ ‘ಚಹರೆ: ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದು ಬರೆಯುತ್ತಾರೆ. ಪಾರಸಿ ಮೂಲದ ‘ಚಹರೆ’ಯು ಗುರುತು ಹಿಡಿಯುವುದಕ್ಕೆ ಬೇಕಾದ ರೂಪ, ಅದರಲ್ಲಿ ಮೆಚ್ಚುಗೆಯಿಲ್ಲ. ‘ಅಂದ’, ‘ಚೆಲುವು’ಗಳಲ್ಲಿ ಮೆಚ್ಚುಗೆಯಿದೆ. ‘ಏನಿದು ನಿನ್ನ ಅವತಾರ!’ ಎಂದರೆ ಅದು ಗದರಿಕೆ. ನುಡಿಗಟ್ಟುಗಳೂ ಹೀಗೆಯೇ. ಸಮಾರಂಭವೊಂದಕ್ಕೆ ಬಂದು ಬೇಗನೆ ಹೊರಡುವುದನ್ನು ಇಂಗ್ಲಿಷ್ ಇದೇ ಪದದಿಂದ ಹೇಳುತ್ತದೆ. ನಾವು ‘ಮುಖ ತೋರಿಸಿ ಬಂದೆವು’ ಎನ್ನುತ್ತೇವೆ. ಹೊರನೋಟವನ್ನು ನಂಬಬಾರದೆಂಬ ಇಂಗ್ಲಿಷ್ ಮಾತಿಗೆ ನಮ್ಮಲ್ಲಿ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯಿದೆ. ತೆಲುಗಿನಲ್ಲಿಯೂ ‘ತೆಲ್ಲನಿವನ್ನೀ ಪಾಲು ಕಾವು’ ಎಂಬ ಅದೇ ಅರ್ಥದ ಗಾದೆಯುಂಟು.

ಈ ಎಚ್ಚರಿಕೆ ಗಡಿಯಲ್ಲಿ ಪದಗಳಿಗೇ ಅನ್ವಯಿಸುತ್ತದೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಬೆಳೆದವು. ತಲೆಕಟ್ಟಿನ ಆಕಾರವನ್ನು ಬಿಟ್ಟರೆ ಹಲವು ಅಕ್ಷರಗಳು ಇಂದಿಗೂ ಒಂದನ್ನೊಂದು ಹೋಲುತ್ತವೆ. ಪದಗಳೂ ಹಾಗೆಯೇ ಹೋಲುತ್ತವೆ, ಆದರೆ ಅರ್ಥ ಕೆಲವೊಮ್ಮೆ ಬೇರೆಯಾಗಿರುತ್ತದೆ. ಕನ್ನಡದ ‘ನೋಟ’ ಕಣ್ಣಿನದು. ತೆಲುಗಿನ ‘ನೋಟ’ ಎಂದರೆ ‘ಬಾಯಲ್ಲಿ’, ‘ಬಾಯಿಂದ’. ‘ನೋಟ ಮಾಟ ರಾಲೇದು’ ಎಂದರೆ ಬಾಯಿಂದ ಮಾತು ಹೊರಡಲಿಲ್ಲ ಎಂದರ್ಥ. ನಮ್ಮ ‘ಚೂಪು’ ಮೊನಚಾದುದು. ತೆಲುಗಿನ ‘ಚೂಪು’ ದೃಷ್ಟಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅಲ್ಲಿ ‘ಪೆಳ್ಳಿಚೂಪುಲು’ ಎನ್ನುವುದು ಇದರಿಂದಲೇ. ಕನ್ನಡದ ‘ಮೋರೆ’ ಮನುಷ್ಯರ ಮುಖಕ್ಕೂ ಸಲ್ಲುತ್ತದೆ. ತೆಲುಗಿನ ‘ಮೋರ’ ಮುಖ್ಯವಾಗಿ ಪ್ರಾಣಿಯ ಮೂತಿ. ಇದಕ್ಕೆ ವಿರುದ್ಧವಾಗಿ, ಬೇರೆಯಾಗಿ ಕಂಡರೂ ಒಂದೇ ಆದ ಪದಗಳಿವೆ. ತೆಲುಗಿನ ‘ಪೋಲಿಕ’ ಮತ್ತು ಕನ್ನಡದ ‘ಹೋಲಿಕೆ’ ಒಡಹುಟ್ಟಿದವು; ಹಳಗನ್ನಡದ ಪಕಾರ ಹಕಾರವಾದುದಷ್ಟೇ ವ್ಯತ್ಯಾಸ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಇಂತಹ ಸೋದರ ಪದಗಳನ್ನು ಸೂಚಿಸುವುದರಿಂದ ಗಡಿನಾಡಿನ ಶಿಕ್ಷಕರಿಗೆ ಇಂದಿಗೂ ಉಪಯುಕ್ತ.

‘ಅಂದ’, ‘ಚಂದ’ ಎಂಬ ಜೋಡಿ ಎರಡೂ ಭಾಷೆಗಳಲ್ಲಿದೆ. ಹಳೆಯ ಬಳಕೆಯಲ್ಲಿ ‘ಅಂದ’ಕ್ಕೆ ‘ರೀತಿ’ ಎಂಬರ್ಥವೂ ಇದ್ದಿತು. ತೆಲುಗಿನ ‘ಚಂದಮು’ವಿಗೂ ಅದೇ ಅರ್ಥವಿದೆ. ಒಂದು ವಸ್ತು ಇರುವ ರೀತಿಯನ್ನೇ ಅದರ ಸೊಬಗೆಂದು ಕಂಡ ನುಡಿಗಳಿವು.

ಆದುದರಿಂದ ತರಗತಿಯಲ್ಲಿ ‘ಅಪಿಯರೆನ್ಸ್’ ಬಂದಾಗ ಒಂದೇ ಸಮಾನಪದವನ್ನು ಬರೆಸುವ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳಿಸುವುದು ಲೇಸು. ವಸ್ತು ಈಗ ತಾನೆ ಕಣ್ಣಿಗೆ ಬಿತ್ತೆ? ಅದರ ಆಕಾರದ ವರ್ಣನೆಯೆ? ನಿಜವೋ ಅಲ್ಲವೋ ಎಂಬ ಸಂಶಯವಿದೆಯೆ? ಯಾರಾದರೂ ಬಂದು ನಿಲ್ಲಬೇಕಾಗಿದೆಯೆ? ಉತ್ತರಕ್ಕೆ ಬೇಕಾದ ಪದಗಳು, ಅಂದರೆ ಕಾಣಿಸಿಕೊಳ್ಳುವುದು, ರೂಪ, ತೋರಿಕೆ, ಹಾಜರಿ, ಮಗುವಿನ ಮನೆಮಾತಿನಲ್ಲಿಯೇ ಇವೆ. ಇವನ್ನು ಬಳಸಿಕೊಂಡಾಗ ಮಗು ಇಂಗ್ಲಿಷನ್ನು ಸರಿಯಾಗಿ ಕಲಿಯುತ್ತದೆ. ಪೇಟೆಯ ನಾಮಫಲಕಗಳಲ್ಲಿ ವಿರಳವಾಗಿ ಕಾಣುವ ತನ್ನ ಭಾಷೆಯ ಸಂಪತ್ತನ್ನೂ ಅರಿಯುತ್ತದೆ.